ಬಿಡಿಸದೆ ಹೋದ ಪಥ್ಯ

ಸೊಂಟ ಹಿಡಿದವನು ಮಲಗಿ ಮಲಗಿ ಹುಷಾರಾಗುವುದಿಲ್ಲ, ಓಡಾಡಿ ಹುಷಾರಾಗುತ್ತಾನೆ. ಇದು ಡಾಕ್ಟರುಗಳಿಗೆಲ್ಲ ಗೊತ್ತು. ಓದಿದ್ದಾರೆ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಾರೆ. ಆದರೂ ಮಾತ್ರೆಗೆ ಐದು ದಿನ, ಟಾನಿಕ್ಕಿಗೆ ಎರಡು ಚಮಚ ಎಂದು ಅಳತೆ ಹೇಳುವ ಬಾಯಿ, "ರೆಸ್ಟ್ ತಗೊಳ್ಳಿ" ಎಂದ ಮೇಲೆ ಅಲ್ಲಿಗೇ ನಿಂತುಬಿಡುತ್ತದೆ. ಎಲ್ಲಿಯ ತನಕ ಎಂದು ಹೇಳುವುದಿಲ್ಲ. ಹೇಳದೆ ಉಳಿದ ಆ ಅರ್ಧ ಮಾತಿನೊಳಗೆ ಒಬ್ಬ ದುಡಿಯುವ ಮನುಷ್ಯ ವರ್ಷಗಟ್ಟಲೆ ಮಲಗಿರಬಲ್ಲ. ಶಿರಾದ ರಂಗೇಶ್ ಹಾಗೆ ಮಲಗಿದ್ದ.

ಮಲಗಿದ್ದದ್ದು ಬಸ್ ಸ್ಟಾಂಡಿನ ಹಿಂದಿನ ಗಲ್ಲಿಯ ಶೀಟಿನ ಮನೆಯಲ್ಲಿ, ಹಲಗೆ ಮಂಚದ ಮೇಲೆ. ಶೀಟಿನ ತೂತಿನಿಂದ ಬಿಸಿಲಿನ ಬಿಲ್ಲೆಯೊಂದು ಬೆಳಿಗ್ಗೆ ಗೋಡೆಗೆ ಅಂಟಿಕೊಂಡು, ಮೆಲ್ಲಗೆ ಕ್ಯಾಲೆಂಡರಿನ ಮೇಲೆ ಹಾದು, ಮಧ್ಯಾಹ್ನಕ್ಕೆ ಅವನ ಎದೆಯ ಮೇಲೆ ಬಂದು ಕೂರುತ್ತಿತ್ತು. ಸಂಜೆಗೆ ಮೂಲೆಯಲ್ಲೆಲ್ಲೋ ಕರಗಿ ಹೊರಟುಹೋಗುತ್ತಿತ್ತು. ಈ ಮನೆಯಲ್ಲಿ ದಿನಾ ಹೊರಗೆ ಹೋಗಿ ಬರುವ ಗಂಡಸು ಅದೊಂದೇ ಎಂದು ರಂಗೇಶನಿಗೆ ಅನ್ನಿಸುತ್ತಿತ್ತು.

ಸ್ಟಾಂಡಿನಿಂದ ಕೂಗು ತೇಲಿ ಬರುತ್ತಿತ್ತು. "ಬಡವ್ನಳ್ಳಿ ಮದುಗಿರಿ ಕೊರಟ್ಗೆರೆ, ಕೊರಟ್ಗೆರೆ, ಕೊರಟ್ಗೆರೇ..." ಒಂದು ಕಾಲಕ್ಕೆ ಅದು ಅವನದೇ ಕೂಗು. ಶಿರಾ–ಕೊರಟಗೆರೆ ಖಾಸಗಿ ಬಸ್ಸಿನ ಕಂಡಕ್ಟರ್ ಅವನು. ಫುಟ್‌ಬೋರ್ಡಿನಲ್ಲಿ ಒಂಟಿ ಕಾಲೂರಿ, ಅರ್ಧ ಮೈಯನ್ನು ಗಾಳಿಗೆ ಕೊಟ್ಟು, ಊರುಗಳ ಹೆಸರನ್ನು ರಾಗ ಎಳೆದು ಕೂಗಿದರೆ ಕಾಫಿ ಅರ್ಧಕ್ಕೆ ಬಿಟ್ಟು ಜನ ಓಡಿ ಬರುತ್ತಿದ್ದರು. ಈಗ ಆ ಹೆಸರುಗಳು ಕಣ್ಣು ಮುಚ್ಚಿದ ಮೇಲೆ ಬರುತ್ತಿದ್ದವು, ಬಸ್ಸಿನ ಸಮೇತ.

ಕನಸಿನ ಬಸ್ಸಿಗೆ ರಸ್ತೆ ಬೇಕಿರಲಿಲ್ಲ. ಅದು ಹೊಲದ ಮೇಲೆ, ಹುಣಸೆ ಮರಗಳ ತುದಿಯ ಮೇಲೆ ಸದ್ದಿಲ್ಲದೆ ಸಾಗುತ್ತಿತ್ತು. ಮಧುಗಿರಿ ಬೆಟ್ಟ ಮಗ್ಗುಲಾಗಿ ಮಲಗಿ ದಾರಿ ಬಿಡುತ್ತಿತ್ತು. ಬೆಟ್ಟಕ್ಕೂ ಯಾರೋ ರೆಸ್ಟ್ ಹೇಳಿದ ಹಾಗೆ. ಕೊರಟಗೆರೆಗೆ ಹೋಗಬೇಕಾದ ಬಸ್ಸು ಅದ್ಯಾಕೋ ಪಾವಗಡದ ಕಡೆ ತಿರುಗುತ್ತಿತ್ತು. ಅಲ್ಲಿ ಕಣ್ಣು ಹಾಯುವಷ್ಟು ದೂರ ನೀರು. ನೀರಲ್ಲ, ಸೋಲಾರ್ ಹಲಗೆಗಳು ಎಂದು ಕನಸಿನಲ್ಲೂ ಅವನಿಗೆ ಗೊತ್ತು. ಆದರೂ ಬಸ್ಸು ಅದರ ಮೇಲೆ ತೆಪ್ಪದಂತೆ ತೇಲುತ್ತಿತ್ತು, ಕಿಟಕಿಯಿಂದ ಕೈ ಇಳಿಬಿಟ್ಟ ಹೆಂಗಸರ ಬಳೆ ನೆನೆಯುತ್ತಿದ್ದವು. ಹಿಂದಿನ ಸೀಟಿನಿಂದ ಮುದುಕಿಯೊಬ್ಬಳು ತನ್ನೂರು ಬಂತೇ ಎಂದು ಅರ್ಧ ತೆಲುಗಿನಲ್ಲಿ ಕೇಳುತ್ತಿದ್ದಳು: "ಏಮಪ್ಪಾ, ಕ್ಯಾತಗಾನಚೆರ್ಲು ವಚ್ಚಿಂದಾ? ನಾನು ಇಳೀಬೇಕಲ್ಲಪ್ಪಾ." ಬಸ್ಸು ನಿಲ್ಲಿಸಲು ಅವನು "ಹೋಲ್ಡಾನ್" ಅನ್ನಬೇಕು. ಬಾಯಿ ತೆರೆದರೆ ದನಿಯಿಲ್ಲ. ಬಸ್ಸು ತೇಲುತ್ತಲೇ ಇರುತ್ತಿತ್ತು, ಮುದುಕಿ ಕೇಳುತ್ತಲೇ ಇರುತ್ತಿದ್ದಳು.

ಕಣ್ಣು ಬಿಟ್ಟರೆ ತಾಯಿ ಚಿಕ್ಕಹನುಮಕ್ಕನ ಮುಖ.

"ಎದ್ಯೇನ್ಲಾ ಮಗ? ಏಳ್ಬ್ಯಾಡ, ಏಳ್ಬ್ಯಾಡ."

ನಡೆದದ್ದು ಇಷ್ಟೇ. ಕೊರೋನಾದ ಎರಡನೇ ಅಲೆಗೆ ಮುಂಚೆ, ಬಸ್ಸುಗಳಿನ್ನೂ ಓಡುತ್ತಿದ್ದಾಗ, ಮಧುಗಿರಿಯಲ್ಲಿ ಹುಣಸೆಹಣ್ಣಿನ ಮೂಟೆಯನ್ನು ಬಸ್ಸಿನ ಟಾಪಿಗೆ ಏರಿಸುತ್ತ ರಂಗೇಶ್ ಏಣಿಯಿಂದ ಜಾರಿದ. ಸೊಂಟ ಹಿಡಿದು, ಎಡಗಾಲಿಗೆ ಮಿಂಚು ಹೊಡೆದಂತಾಯಿತು. ಡ್ರೈವರ್ ನಯಾಜ್ ಹೊತ್ತುಕೊಂಡು ಬಂದು ಮನೆ ಮುಟ್ಟಿಸಿದ. ಶಿರಾದ ಅರ್ಧ ಊರಿಗೆ ಕೈ ನೋಡಿದ ಖಲೀಲುಲ್ಲಾ ಡಾಕ್ಟರು ಮನೆಗೇ ಬಂದರು. ಇಂಜೆಕ್ಷನ್ ಕೊಟ್ಟು, ಬೆರಳೆತ್ತಿ ಹೇಳಿದರು: "ಪೂರ್ತಿ ರೆಸ್ಟು. ನಾನು ಹೇಳೋ ತನಕ ಮಂಚ ಬಿಟ್ಟು ಕದಲಬೇಡ."

ಸ್ವಲ್ಪ ದಿನಕ್ಕೇ ಕೊರೋನಾ ಆ ಡಾಕ್ಟರನ್ನೇ ಎತ್ತಿಕೊಂಡು ಹೋಯಿತು. ಹೇಳಬೇಕಾದವರು ಹೇಳದೆ ಹೋದರು.

ಬೇರೆ ಡಾಕ್ಟರಿಗೆ ತೋರಿಸಲಿಲ್ಲವೆಂದಲ್ಲ. ತುಮಕೂರಿನ ನರ್ಸಿಂಗ್ ಹೋಮಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದರು. ಅಲ್ಲಿಯ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ರಂಗೇಶನನ್ನು ನೋಡಲಿಲ್ಲ. ಫಿಲ್ಮಿಗೇ ಹೇಳಿದರು: "ಭಾರ ಎತ್ಬೇಡಿ, ಬಗ್ಬೇಡಿ, ಬಸ್ಸಲ್ಲಿ ಓಡಾಡ್ಬೇಡಿ. ನೆಕ್ಸ್ಟ್." ಬಸ್ಸಿನ ಕಂಡಕ್ಟರಿಗೆ ಬಸ್ಸಿನಲ್ಲಿ ಓಡಾಡಬೇಡ ಎಂದವರು, ನೀನು ಏನು ಕೆಲಸ ಮಾಡುತ್ತೀಯಪ್ಪ ಎಂದು ಒಂದು ಮಾತು ಕೇಳಿದ್ದರೆ ನಾಲಿಗೆ ಸವೆಯುತ್ತಿತ್ತೆ? ಮನುಷ್ಯನ ಬೆನ್ನುಮೂಳೆಯ ಪ್ರತಿ ಬಿಲ್ಲೆಗೂ ಹೆಸರಿಟ್ಟಿರುವ ವಿದ್ಯೆಗೆ, ಆ ಬೆನ್ನು ಯಾವ ಅನ್ನ ದುಡಿಯುತ್ತಿತ್ತು ಎಂದು ಕೇಳುವ ಪುರುಸೊತ್ತು ಇಲ್ಲ. ಎಂಥ ವಿದ್ಯೆಯಪ್ಪ ಇದು!

ನೋವು ಯಾವಾಗ ಹೋಯಿತೋ ರಂಗೇಶನಿಗೂ ತಿಳಿಯಲಿಲ್ಲ. ಅದರ ಜಾಗದಲ್ಲಿ ಭಯ ಬಂದು ಮಲಗಿತ್ತು. ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿದು, ಕಾಲಡಿ ಮೊಟ್ಟೆ ಹಾಸಿದ ಹಾಗೆ ನಡೆಯುತ್ತಿದ್ದ. ಚಿಕ್ಕಹನುಮಕ್ಕ ರೆಸ್ಟಿನ ಜೊತೆಗೆ ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದ್ದಳು: ವಾಯು ಎಂದು ಆಲೂಗಡ್ಡೆ ಇಲ್ಲ, ನಂಜು ಎಂದು ಬದನೆಕಾಯಿ ಇಲ್ಲ, ಅವರೆಕಾಳಂತೂ ಹೊಸಿಲೊಳಗೇ ಬರಕೂಡದು. ಗಲ್ಲಿಯವರು ಅವನಿಗೆ ರೆಸ್ಟ್ ರಂಗ ಎಂದು ಹೆಸರಿಟ್ಟರು. ಗ್ಯಾಸ್ ಸಿಲಿಂಡರಿನವನು ವಿಳಾಸ ಕೇಳಿದರೆ ಅದೇ ಹೆಸರಿನಿಂದ ದಾರಿ ತೋರಿಸುತ್ತಿದ್ದರು. ಹೆಂಡತಿ ವನಜಾಕ್ಷಿ ಗಾರ್ಮೆಂಟ್ಸಿಗೆ ಹೋಗಿ ಮನೆ ನಡೆಸುತ್ತಿದ್ದಳು. ಗಂಡನಿಗೆ ಒಂದು ಮಾತು ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನನ್ನು ಹೆಚ್ಚು ಕೊರೆಯುತ್ತಿತ್ತು.

ಖಲೀಲುಲ್ಲಾ ಡಾಕ್ಟರ ಮಗಳು ಸುಮಯ್ಯ ಓದು ಮುಗಿಸಿ ಬಂದು ಅಪ್ಪನ ಕ್ಲಿನಿಕ್ಕಿನ ಬೀಗ ತೆಗೆದದ್ದು ಹೋದ ವರ್ಷ. ಮಾಗಿಯ ಚಳಿಗೆ ಕೆಮ್ಮು ಹತ್ತಿಸಿಕೊಂಡ ವನಜಾಕ್ಷಿ ಅಲ್ಲಿಗೆ ಹೋದಳು. ಸುಮಯ್ಯ ಎದೆ ನೋಡಿದ ಮೇಲೆ ಕೇಳಿದಳು, "ಮನೇಲಿ ಯಾರ್ಯಾರಿದೀರಮ್ಮ? ಯಜಮಾನ್ರು ಏನ್ ಮಾಡ್ತಾರೆ?"

"ಮಲಗಿರ್ತಾರೆ ಮೇಡಂ."

"ಈಗಲ್ಲಮ್ಮ. ಕೆಲಸ ಏನು?"

"ಅದೇ ಮೇಡಂ ಕೆಲ್ಸ. ನಿಮ್ಮಪ್ಪಾರೇ ಕೊಟ್ಟಿದ್ದು."

ಮಾರನೆಯ ದಿನ ಸ್ಕೂಟರು ಗಲ್ಲಿಗೆ ಬಂತು. ಸುಮಯ್ಯ ಸ್ಕ್ಯಾನ್ ಕೇಳಲಿಲ್ಲ. ಮಂಚದ ಪಕ್ಕ ಸ್ಟೂಲೆಳೆದು ಕೂತು, ಕಾಲು ಎತ್ತಿಸಿದಳು, ಹೆಬ್ಬೆರಳು ಒತ್ತಿಸಿದಳು, ಬಗ್ಗಿಸಿದಳು, ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದಳು.

"ನರ ಚೆನ್ನಾಗಿದೆ ರಂಗೇಶಣ್ಣ. ಮಲಗಿ ಮಲಗಿ ಸೊಂಟ ಕೆಲಸ ಮರೆತಿದೆ, ಅಷ್ಟೆ. ಬಸ್ಸಿಗೆ ಹೋಗೋ ಆಸೆ ಇದೆಯಾ?"

ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವನು ಶೀಟಿನ ತೂತನ್ನು ನೋಡುತ್ತ ಹೇಳಿದ: "ಕನಸಲ್ಲಿ ದಿನಾ ಡ್ಯೂಟಿಗೆ ಹೋಗ್ತೀನಿ ಮೇಡಂ. ಇಳಿಯೋಕೇ ಆಗಲ್ಲ."

ಸುಮಯ್ಯ ನಂಬರು ಕೇಳಿಕೊಂಡು ಅಲ್ಲಿಂದಲೇ ಡ್ರೈವರ್ ನಯಾಜ್‌ಗೆ ಫೋನು ಮಾಡಿದಳು. ನಯಾಜ್ ಸಂಜೆ ಬಸ್ಸು ನಿಲ್ಲಿಸಿ ಮನೆಗೇ ಬಂದ. "ಲೇ ರಂಗಾ, ನಿನ್ ಜಾಗದಲ್ಲಿದ್ದ ಹುಡ್ಗ ಸೋಲಾರಿಗೆ ವಾಚ್‌ಮನ್ ಆಗಿ ಹೋದ ಕಣ್ಲಾ. ಸೀಟು ಖಾಲಿ. ಸಂಕ್ರಾಂತಿ ಕಳೀಲಿ, ಹೊಸಬನ್ನ ಹಾಕ್ತೀನಿ ಅಂತವ್ರೆ ಓನರ್ರು. ಆಮೇಲೆ ನೀನು ಟಿಕೆಟ್ ತಗೊಂಡೇ ಹತ್ಬೇಕು ನೋಡು." ನಕ್ಕರೂ ಅವನ ಕಣ್ಣು ನಗಲಿಲ್ಲ. ಸುಮಯ್ಯ ಓನರಿನ ಜೊತೆಗೂ ಮಾತಾಡಿದ್ದಳು: ಟಾಪಿಗೆ ಮೂಟೆ ಏರಿಸುವ ಕೆಲಸ ಇವನಿಗಿಲ್ಲ, ಕೂತು ಟಿಕೆಟ್ ಕೊಡಲಿ, ಮೊದಲು ಬಡವನಹಳ್ಳಿಯ ತನಕ ಮಾತ್ರ. ಓನರು ಒಪ್ಪಿದ್ದ. ಸಂಕ್ರಾಂತಿಯ ಮಾತನ್ನು ಮಾತ್ರ ಬಿಡಲಿಲ್ಲ.

ರಂಗೇಶ್ ಗಲ್ಲಿಯ ತುದಿಯ ತನಕ ನಡೆದ. ಆಮೇಲೆ ಸ್ಟಾಂಡಿನ ತನಕ. ಒಂದು ಬೆಳಿಗ್ಗೆ ಬಸ್ಸು ಹತ್ತಿಯೇ ಬಿಟ್ಟ. ಮಂಜು ಇನ್ನೂ ಹೊಲ ಬಿಟ್ಟಿರಲಿಲ್ಲ. ಬೇಲಿ, ಬೋರ್‌ವೆಲ್ಲಿನ ಮನೆ, ಎಮ್ಮೆಯ ಬೆನ್ನು, ಎಲ್ಲವೂ ಒಂದೊಂದಾಗಿ ಮಂಜಿನಿಂದ ಎದ್ದು ಬಂದು, ಅವನ ಕಿಟಕಿಯ ಹತ್ತಿರ ಅರೆಗಳಿಗೆ ನಿಂತು, ಹಿಂದೆ ಸರಿಯುತ್ತಿದ್ದವು. ಇದು ಕನಸೋ ನಿಜವೋ ಎಂದು ತಿಳಿಯಲು ಅವನು ಸೀಟಿನ ಕಬ್ಬಿಣವನ್ನು ಹಿಡಿದು ನೋಡಿದ. ತಣ್ಣಗೆ ಕೊರೆಯಿತು. ನಿಜ.

ಆದರೆ ಸಂಜೆಗೆ ಸೊಂಟ ಹಿಡಿದುಕೊಂಡಿತು. ಚಿಕ್ಕಹನುಮಕ್ಕ ಬಿಸಿ ಉಪ್ಪಿನ ಗಂಟು ಹಿಡಿದು ಓಡಿ ಬಂದಳು. "ಸತ್ತೋರ ಮಾತ ಮುರುದ್ರೆ ಇನ್ನೇನಾಯ್ತದೆ! ಮಲ್ಗು, ಮಲ್ಗು ನನ್ನಪ್ಪ." ರಂಗೇಶ್ ಮಲಗಿದ. ಹಲಗೆಯಲ್ಲಿ ಅವನ ಮೈಯ ಅಚ್ಚು ಇನ್ನೂ ಬೆಚ್ಚಗಿತ್ತು. ನಯಾಜ್ ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಹಾರ್ನ್ ಹೊಡೆದ, ಮತ್ತೆ ಹೊಡೆದ, ಹೋದ. ಮರುದಿನವೂ ಹೊಡೆದ. ಆಮೇಲೆ ಹೊಡೆಯಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಿತ್ತು. ಬೀದಿಯಲ್ಲೆಲ್ಲ ಅವರೆಕಾಯಿಯ ಸೊಗಡು.

ಸುಮಯ್ಯ ಎರಡನೇ ಸಲ ಬಂದಾಗ ಅವಳ ದನಿಯಲ್ಲಿ ಬೇಸರವಿತ್ತು. "ಸ್ವಲ್ಪ ನೋವು ಬರುತ್ತೆ ಅಂತ ಮೊದಲೇ ಹೇಳಿದ್ದೆನಲ್ಲ ರಂಗೇಶಣ್ಣ. ಅಷ್ಟಕ್ಕೇ ಹೆದರಿಬಿಟ್ರೆ?"

ರಂಗೇಶ್ ಬಾಯಿ ತೆರೆಯುವ ಮೊದಲೇ ಚಿಕ್ಕಹನುಮಕ್ಕ ಅಡುಗೆ ಮನೆಯಿಂದ ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು. "ಅವ್ನು ಯಾಕವ್ವ ಹೆದರ್ತಾನೆ? ಓಡೋ ಬಸ್ಸಿಗೆ ನೇತಾಕ್ಕಂತಿದ್ದೋನು. ಹೆದ್ರಿರೋಳು ನಾನು. ಪಥ್ಯ ಬಿಡುಸ್ದೆ ಮುರುದ್ರೆ ಒಳ್ಳೇದಾಯ್ತದಾ?"

"ಯಾವ ಪಥ್ಯ ಅಜ್ಜಿ?"

"ಅಯ್ಯೋ, ನಿಮ್ಮಪ್ಪಾರು ಹಾಕುದ್ದು! ರೆಸ್ಟು!" ಅವಳ ಮುಖದಲ್ಲಿ ಇಷ್ಟೂ ತಿಳಿಯದೇ ಎಂಬ ಬೆರಗು. "ನಮ್ಮೂರು ಬರಗೂರಾಗೆ ಕಾಮಾಲೆಗೆ ಔಷ್ದಿ ಕೊಡೋನೊಬ್ಬ ಇದ್ದ. ಔಷ್ದಿ ಕೊಟ್ಟು ಪಥ್ಯ ಹಾಕೋನು. ಹುಷಾರಾದ್ ಮ್ಯಾಲೆ ಅವನೇ ಬಂದು, ಕೈಯಾರೆ ಒಂದ್ ತುತ್ತು ಕೊಟ್ಟು ಬಿಡುಸೋನು. ಹಾಕ್ದ ಕೈಯೇ ಬಿಡುಸ್ಬೇಕು ಕಣವ್ವ. ಅವ್ನು ಬರೋಕ್ ಮುಂಚೆ ಮಾಂಸ ತಿಂದೋನೊಬ್ಬ ಮತ್ತೆ ಹಳದಿ ತಿರುಗ್ಬುಟ್ಟ, ಕಣ್ಣಾರೆ ಕಂಡಿವ್ನಿ. ನಿಮ್ಮಪ್ಪಾರು, ದೇವ್ರಂತೋರು, 'ನಾನು ಹೇಳೋ ತನಕ' ಅಂದ್ರು. ಹೇಳ್ಳಿಲ್ಲ. ಹೊಂಟೋದ್ರು. ನಾವ್ ಏನ್ ಮಾಡಾನ ಹೇಳು?"

ಸುಮಯ್ಯ ಸ್ಟೂಲನ್ನು ಅಜ್ಜಿಯ ಕಡೆಗೆ ತಿರುಗಿಸಿಕೊಂಡು ಕೂತಳು. ರಂಗೇಶ್ ಅವಳ ಮುಖವನ್ನೇ ನೋಡುತ್ತಿದ್ದ. ಇದನ್ನು ಅವನೆಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವನ ಮೂಳೆಯೊಳಗೂ ಅದೇ ಕೂತಿತ್ತು. ಸೋಮಾರಿ ಎಂದರು, ನಾಟಕ ಎಂದರು, ತಲೆ ಕೆಟ್ಟಿದೆ ಎಂದರು. ಅವನು ಮಾಡಿದ್ದು ಡಾಕ್ಟರ ಮಾತು ಕೇಳಿದ್ದು, ಅಷ್ಟೆ.

"ಅಜ್ಜಿ," ಎಂದಳು ಸುಮಯ್ಯ, "ಪಥ್ಯ ಹಾಕಿದವರೇ ತೀರ್ಕೊಂಡ್ರೆ?"

"ಅವ್ರ ಮನೆ ಮಕ್ಳು ಬಿಡುಸ್ಬೋದು. ಅದೇ ವಿದ್ಯೆ ಕಲ್ತಿರ್ಬೇಕು."

ವನಜಾಕ್ಷಿ ತಡೆಯಲಾರದೆ ಹೇಳಿದಳು: "ಮತ್ತೆ ಎದುರಿಗೆ ಕೂತಿರೋರು ಯಾರು ಅತ್ತೆ?"

"ನಂಗೂ ಕಾಣ್ತದೆ ಸುಮ್ಕಿರೇ. ಹೆಣ್ಮಕ್ಳು ಬಿಡುಸ್ಬೋದಾ ಅಂತ ಯೋಚ್ನೆ ಮಾಡ್ತಾ ಇವ್ನಿ."

"ಹೋದ ವಾರ ಜ್ವರ ಅಂತ ಕ್ಲಿನಿಕ್ಕಿಗೆ ಬಂದು ಸೂಜಿ ಚುಚ್ಚಿಸ್ಕೊಂಡಾಗ ನಾನು ಹೆಣ್ಣು ಅಂತ ನೋಡ್ಲಿಲ್ವಲ್ಲ ಅಜ್ಜಿ?" ಎಂದಳು ಸುಮಯ್ಯ.

ಚಿಕ್ಕಹನುಮಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅದೂ ಸರಿಯೇ ಬುಡು. ಆದ್ರೆ ಹಾಕ್ದೋರ ಹೆಸರೇಳಿ ಬಿಡುಸ್ಬೇಕು. ಅಂಗೆಯ ಎದ್ದೋಗು ಅಂದ್ರೆ ಆಗಕಿಲ್ಲ."

ಸುಮಯ್ಯ ದುಪ್ಪಟ್ಟಾ ಸರಿಮಾಡಿಕೊಂಡು ಎದ್ದು ನಿಂತಳು. ಸತ್ತ ಅಪ್ಪನನ್ನು ಊರೆಲ್ಲ ದೇವರಂತೆ ಇಟ್ಟುಕೊಂಡಿರುವಾಗ, ಮಗಳ ಬಾಯಲ್ಲಿ ಸುಲಭಕ್ಕೆ ಬರುವ ಮಾತಲ್ಲ ಅದು.

"ನಮ್ಮ ಅಬ್ಬಾ, ಖಲೀಲುಲ್ಲಾ ಡಾಕ್ಟ್ರು, ರಂಗೇಶಣ್ಣನಿಗೆ ರೆಸ್ಟ್ ಹಾಕಿದ್ರು. ಕೆಲವೇ ದಿನಕ್ಕೆ ಹಾಕ್ಬೇಕಿತ್ತು. ಆಮೇಲೆ ಏಳು, ನಡಿ ಅನ್ಬೇಕಿತ್ತು. ಎಷ್ಟು ದಿನ ಅಂತ ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ. ಅದು ಅವ್ರ ತಪ್ಪು. ಅವ್ರ ಬದಲು ನಾನು ಹೇಳ್ತಿದೀನಿ. ರೆಸ್ಟ್ ಮುಗೀತು ಅಣ್ಣ."

ಕೆಲವೇ ದಿನ. ರಂಗೇಶ್ ಕಣ್ಣು ಮುಚ್ಚಿದ. ಬಸ್ಸು ಬರಲಿಲ್ಲ, ಬೆಟ್ಟ ಬರಲಿಲ್ಲ, ಹೊಳೆಯುವ ನೀರೂ ಬರಲಿಲ್ಲ. ಕತ್ತಲು ಮಾತ್ರ ಇತ್ತು, ಆ ಕತ್ತಲಲ್ಲಿ ಹೋದ ವರ್ಷಗಳೆಲ್ಲ ಸ್ಟಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡವರ ಹಾಗೆ ಸುಮ್ಮನೆ ನಿಂತಿದ್ದವು. ಯಾರನ್ನು ಬೈಯಬೇಕು? ಸತ್ತವರನ್ನೇ? ಫಿಲ್ಮಿನ ಜೊತೆ ಮಾತಾಡಿದವರನ್ನೇ? ಎಷ್ಟು ದಿನ ಎಂದು ಒಂದು ಸಲವೂ ಕೇಳದ ತನ್ನನ್ನೇ? ಅವನ ಕಣ್ಣಿನ ಕೊನೆಯಿಂದ ಕಿವಿಯ ಕಡೆ ನೀರು ಇಳಿಯಿತು. ವನಜಾಕ್ಷಿ ಒರೆಸಲು ಬಂದಳು. "ಇರ್ಲಿ ಬುಡು," ಎಂದು ಅವನೇ ಎದ್ದು ಕೂತ. ಗೋಡೆ ಹಿಡಿಯಲಿಲ್ಲ.

ಪಥ್ಯ ಬಿಡಿಸುವುದೆಂದರೆ ಬರೀ ಮಾತಲ್ಲವಲ್ಲ. ವನಜಾಕ್ಷಿ ಬೀದಿಗೆ ಓಡಿ ಅವರೆಕಾಯಿ ತಂದಳು. ಮೂವರು ಹೆಂಗಸರು ಕೂತು ಸುಲಿದರು, ಡಾಕ್ಟರ ಕೈ ನಿಧಾನ ಎಂದು ಚಿಕ್ಕಹನುಮಕ್ಕ ಕಿಚಾಯಿಸಿದಳು, "ಇಂಗೆ ಸುಲುದ್ರೆ ಶಿವರಾತ್ರಿಗೆ ಸಾರು." ಸಾರು ಕುದಿಯುವಾಗ ಇಡೀ ಗಲ್ಲಿಗೆ ಗೊತ್ತಾಯಿತು, ರೆಸ್ಟ್ ರಂಗನ ಮನೆಗೆ ಅವರೆಕಾಳು ಬಂದಿದೆ ಎಂದು. ಸುಮಯ್ಯ ಮುದ್ದೆಯಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ರಂಗೇಶನ ಅಂಗೈಗೆ ಇಟ್ಟಳು. ಅವನು ಕಣ್ಣಿಗೊತ್ತಿಕೊಂಡು ನುಂಗಿದ.

"ಬಸ್ಸೂ ಇದೇ ತರ ಅಣ್ಣ. ತುತ್ತು ತುತ್ತು. ಈ ವಾರ ಬಡವನಹಳ್ಳಿ, ಆಮೇಲೆ ಮಧುಗಿರಿ. ಕೊರಟಗೆರೆ ಎಲ್ಲೂ ಓಡಿಹೋಗಲ್ಲ."

"ನೋವು ಬಂದ್ರೆ?" ಚಿಕ್ಕಹನುಮಕ್ಕ ಕೇಳಿದಳು.

"ಬರುತ್ತೆ ಅಜ್ಜಿ. ಪಥ್ಯ ಬಿಟ್ಟ ಹೊಟ್ಟೆ ಎರಡು ದಿನ ಗುಡುಗುಡು ಅನ್ನಲ್ವಾ? ಅದಕ್ಕೆ ಮತ್ತೆ ಉಪವಾಸ ಹಾಕ್ತೀರಾ?"

"ಊಂ, ಅದೂ ನಿಜವೇಯ," ಎಂದಳು ಮುದುಕಿ. ಇಂಥ ಮಾತು ಅವಳಿಗೆ ಪೂರ್ತಿ ತಿಳಿಯಿತು.

ಸಂಕ್ರಾಂತಿಯ ಹಿಂದಿನ ದಿನ ರಂಗೇಶ್ ಟಿಕೆಟ್ಟಿನ ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದ. ನಯಾಜ್ ಕನ್ನಡಿಯಲ್ಲಿ ನೋಡಿ, "ಏನ್ ಸಾಹೇಬ್ರೇ, ಲೀವು ಮುಗೀತಾ?" ಎಂದ. ಬಡವನಹಳ್ಳಿಯಲ್ಲಿ ಇಳಿದು, ಎದುರು ಬಸ್ಸಿನಲ್ಲಿ ವಾಪಸ್ಸು. ಸಂಜೆ ಸೊಂಟ ನೋಯಿತು. ತಾಯಿ ಉಪ್ಪಿನ ಗಂಟು ಕೊಟ್ಟಳು, ಮಲಗು ಎನ್ನಲಿಲ್ಲ. ಓನರು ಹೊಸಬನನ್ನು ಕರೆಯಲಿಲ್ಲ. ಯುಗಾದಿಯ ಹೊತ್ತಿಗೆ ಮಧುಗಿರಿಯ ತನಕ ಅವನದೇ ಡ್ಯೂಟಿ. ಅಲ್ಲಿಂದ ಮುಂದಕ್ಕೆ ಇನ್ನೂ ಬೇರೆಯವನು ಹತ್ತುತ್ತಾನೆ. ಟಾಪು ಹತ್ತುವುದು ಇನ್ನೆಂದೂ ಇಲ್ಲ. ನಡುನಡುವೆ ಕೆಲವು ದಿನ ರಜೆ ಹಾಕುತ್ತಾನೆ. ಪವಾಡವೇನೂ ನಡೆದಿಲ್ಲ. ಆದರೆ ಬೆಳಗಿನ ಬಸ್ಸಿನಲ್ಲಿ, ಬಡವನಹಳ್ಳಿ ದಾಟಿದ ಮೇಲೆ, ಮಬ್ಬಿನೊಳಗಿಂದ ಬೆಟ್ಟ ಸ್ವಲ್ಪ ಸ್ವಲ್ಪವೇ ಎದ್ದು ನಿಲ್ಲುವಾಗ ಅವನು ಟಿಕೆಟ್ ಕೊಡುವುದನ್ನು ನಿಲ್ಲಿಸಿ ನೋಡುತ್ತಾನೆ. ಚಿಲ್ಲರೆಗೆ ಕೈ ಚಾಚಿದವರು ಕಾಯುತ್ತಾರೆ.

ಖಲೀಲುಲ್ಲಾ ಡಾಕ್ಟರಿಗೆ ರೋಗಿಯ ಮನೆಗೇ ಹುಡುಕಿಕೊಂಡು ಬಂದ ಮಗಳಿದ್ದಳು. ಎಲ್ಲ ಡಾಕ್ಟರಿಗೂ ಇರುವುದಿಲ್ಲ. ಪಾವಗಡದಲ್ಲಿ, ಮಧುಗಿರಿಯಲ್ಲಿ, ಕೊರಟಗೆರೆಯ ಯಾವುದೋ ಓಣಿಯಲ್ಲಿ ಅರ್ಧ ಮಾತಿನೊಳಗೆ ಮಲಗಿರುವವರು ಇನ್ನೂ ಇದ್ದಾರೆ. ಅವರಿಗೆ ಅಡ್ಡಹೆಸರು ಇಟ್ಟವರು ನೀವೇ. ನಾಳೆ ಬೆಳಿಗ್ಗೆ ಅಂಥವರೊಬ್ಬರ ಮನೆಗೆ ಹೋಗಿ. ಕೈ ಹಿಡಿದು ಎಬ್ಬಿಸಿ, ನಿಮ್ಮೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೊರಗೆ ಬೆಂಚಿನ ಮೇಲೆ ಕೂರಬೇಡಿ, ಜೊತೆಗೇ ಒಳಗೆ ಹೋಗಿ. ಇವನು ಮಾಡುತ್ತಿದ್ದ ಕೆಲಸ ಏನೆಂದು ಮೊದಲು ನೀವೇ ಹೇಳಿ. ಅದರಲ್ಲಿ ಇವತ್ತಿನಿಂದ ಎಷ್ಟು ಮಾಡಬಹುದು ಎಂದು ಕೇಳಿ. "ನೆಕ್ಸ್ಟ್" ಎಂದರೂ ಏಳಬೇಡಿ. ಉತ್ತರ ಕೊಡುವ ತನಕ ಆ ಕುರ್ಚಿ ಬಿಡಬೇಡಿ.